ಎಳೆಯ ಆಟಗಾರನ ಗಾಯವೂ ಮನಸ್ಸಿನ ಹೊರೆಯೂ



ಈ ದತ್ತಿಯನ್ನು ಸ್ಥಾಪಿಸಿದ ಹಿರಿಯರು ಉಪನ್ಯಾಸದ ವಿಷಯವು ಲೋಕದ ಆರೋಗ್ಯಕ್ಕೆ ಸಂಬಂಧಪಟ್ಟದ್ದಾಗಿರಬೇಕೆಂಬ ಒಂದು ನಿಬಂಧನೆಯನ್ನು ಮಾತ್ರ ವಿಧಿಸಿ, ಉಳಿದುದೆಲ್ಲವನ್ನೂ ಉಪನ್ಯಾಸಕನ ವಿವೇಚನೆಗೆ ಬಿಟ್ಟಿರುವುದರಿಂದ, ಮೂಳೆ ಕೀಲುಗಳ ಚಿಕಿತ್ಸೆಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವನು ಇಂದು ಮನಸ್ಸಿನ ವಿಚಾರವನ್ನು ಎತ್ತಿಕೊಳ್ಳುವ ಧೈರ್ಯ ಮಾಡಿದ್ದೇನೆ. ಇದು ಅಧಿಕಪ್ರಸಂಗವೆಂದು ಮನಶ್ಶಾಸ್ತ್ರಜ್ಞರಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಆಟದಲ್ಲಿ ಪೆಟ್ಟು ತಿಂದ ಮಕ್ಕಳು ಮೊದಲು ಬರುವುದು ನಮ್ಮಂಥವರ ಬಳಿಗೆ. ಅವರ ಮೈಯನ್ನು ನೋಡುತ್ತ ನೋಡುತ್ತ ಮನಸ್ಸಿನ ಕಡೆಗೂ ಕಣ್ಣು ಹೊರಳದೆ ಇರುವುದು ವೈದ್ಯನಾದವನಿಗೆ ಸುಲಭವಲ್ಲ.

ಮಗುವಿಗೆ ಆಟದಲ್ಲಿ ಗಾಯವಾದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ವ್ಯಾಖ್ಯಾನಗಳು ಹುಟ್ಟಿಕೊಳ್ಳುತ್ತವೆ. ಗೆದ್ದು ಬಂದ ದಿನವೇ ಊರಿನವರ ಕಣ್ಣು ಬಿದ್ದಿತೆಂದು ಅಜ್ಜಿಯು ಉಪ್ಪು ಮೆಣಸಿನಕಾಯಿಯನ್ನು ನಿವಾಳಿಸಿ ಒಲೆಗೆ ಹಾಕುತ್ತಾಳೆ. ಗ್ರಹಚಾರ ನೆಟ್ಟಗಿಲ್ಲವೆಂದು ತಂದೆ ಜಾತಕವನ್ನು ಹಿಡಿದು ಹೊರಡುತ್ತಾನೆ. ‘ಗಮನ ಎಲ್ಲೋ ಇತ್ತು, ಅದಕ್ಕೇ ಬಿದ್ದ’ ಎಂದು ತರಬೇತುದಾರನು ಹುಡುಗನನ್ನೇ ಆಕ್ಷೇಪಿಸುತ್ತಾನೆ. ಮೊದಲಿನ ಎರಡರಿಂದ ಮಗುವಿಗೆ ಹೆಚ್ಚಿನ ಕೇಡೇನೂ ಇಲ್ಲ. ಒಲೆಯಲ್ಲಿ ಮೆಣಸಿನಕಾಯಿ ಚಟಗುಟ್ಟುವಾಗ ತನ್ನನ್ನು ಕಾಯುವವರು ಇದ್ದಾರೆಂಬ ಸಮಾಧಾನವಾದರೂ ಅದಕ್ಕೆ ದೊರೆಯುತ್ತದೆ. ಮೂರನೆಯದು ಮಾತ್ರ ಮೂರರಲ್ಲಿ ಹೆಚ್ಚು ವೈಜ್ಞಾನಿಕವಾದದ್ದೂ ಹೌದು, ಹೆಚ್ಚು ಕ್ರೂರವಾದದ್ದೂ ಹೌದು. ಗಮನ ಎಲ್ಲೋ ಇತ್ತೆಂಬುದು ಅನೇಕ ಸಲ ಸತ್ಯವೇ. ಅದು ಎಲ್ಲಿತ್ತು, ಅಲ್ಲಿಗೇಕೆ ಹೋಯಿತು, ಅದನ್ನು ಅಲ್ಲಿಗೆ ಅಟ್ಟಿದವರು ಯಾರು ಎಂಬುದನ್ನು ವಿಚಾರಿಸುವ ಮೊದಲೇ ತೀರ್ಪನ್ನು ಕೊಟ್ಟುಬಿಡುವುದು ನ್ಯಾಯವಲ್ಲ. ಆ ವಿಚಾರಣೆಯೇ ಇಂದಿನ ನನ್ನ ವಿಷಯ.

ಮೊದಲು ಶರೀರಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿಬಿಡೋಣ. ಬೆಳೆಯುವ ವಯಸ್ಸಿನಲ್ಲಿ ಎಲುಬು ನೀಳವಾಗುವ ವೇಗಕ್ಕೆ ಸ್ನಾಯುಗಳು ಒಡನೆಯೆ ಹೊಂದಿಕೊಳ್ಳುವುದಿಲ್ಲ. ಎಲುಬಿನ ತುದಿಯಲ್ಲಿರುವ ಬೆಳವಣಿಗೆಯ ಫಲಕವು ಪಕ್ಕದ ರಜ್ಜುಗಳಿಗಿಂತ ಮೃದುವಾಗಿದ್ದು, ದೊಡ್ಡವರಲ್ಲಿ ಬರಿಯ ಉಳುಕಾಗಿ ತೀರುವ ಪೆಟ್ಟು ಮಕ್ಕಳಲ್ಲಿ ಮೂಳೆಯನ್ನೇ ಕದಲಿಸಬಲ್ಲದು. ಕಲ್ಲಿನಂತೆ ಗಟ್ಟಿಯಾದ ಬಯಲು, ಸವೆದ ಬೂಟು, ಬಿಡುವಿಲ್ಲದ ಅಭ್ಯಾಸ ಇವೆಲ್ಲವೂ ತಮ್ಮ ತಮ್ಮ ಪಾಲಿನ ಹಾನಿಯನ್ನು ಮಾಡಿಯೇ ಮಾಡುತ್ತವೆ. ಮನಸ್ಸೊಂದೇ ಗಾಯಕ್ಕೆ ಕಾರಣವೆಂದು ಹೇಳುವವನು ವೈದ್ಯನಲ್ಲ, ಮಂತ್ರವಾದಿ. ಮನಸ್ಸಿಗೂ ಗಾಯಕ್ಕೂ ಇರುವ ನಂಟನ್ನು ಕುರಿತ ಸಂಶೋಧನೆಗಳನ್ನು ಒಟ್ಟುಗೂಡಿಸಿ ಸ್ವೀಡನ್ ದೇಶದ ಆಂಡ್ರಿಯಾಸ್ ಇವಾರ್ಸನ್ ಮತ್ತು ಅವರ ಸಂಗಡಿಗರು 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಒತ್ತಡಕ್ಕೆ ಆಟಗಾರನ ಮೈಮನಸ್ಸುಗಳು ತೋರುವ ಪ್ರತಿಕ್ರಿಯೆಗೂ ಗಾಯಕ್ಕೂ ಇರುವ ಸಂಬಂಧವು, ಪೂರ್ಣಸಂಬಂಧವನ್ನು 1 ಎಂದು ಎಣಿಸಿದರೆ, ಸುಮಾರು 0.27 ಎಂದೂ, ಅವನ ಬಾಳಿನಲ್ಲಿ ಹಿಂದೆ ಒದಗಿದ ಕಷ್ಟಗಳಿಗೂ ಗಾಯಕ್ಕೂ ಇರುವುದು ಸುಮಾರು 0.13 ಎಂದೂ ಕಂಡುಬಂದಿತು. ಇವು ದೊಡ್ಡ ಅಂಕಿಗಳಲ್ಲ. ಆದರೆ ಬೆಳವಣಿಗೆಯ ವೇಗವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಊರೂರಿಗೂ ಹುಲ್ಲುಹಾಸಿನ ಮೈದಾನವನ್ನು ಮಾಡಿಸಿಕೊಡುವುದು ಸರ್ಕಾರದ ಕೈಯಲ್ಲೂ ಇರುವಂತೆ ತೋರದು. ಮಗುವಿನ ಮನಸ್ಸಿನ ಮೇಲೆ ನಾವೇ ಏರಿಸಿದ ಹೊರೆಯನ್ನು ಇಳಿಸುವುದಕ್ಕೆ ಮಾತ್ರ ಅನುದಾನವೂ ಬೇಕಿಲ್ಲ, ಟೆಂಡರೂ ಬೇಕಿಲ್ಲ.

ಈ ಶೋಧದ ಮೂಲವನ್ನು ಹುಡುಕಿಕೊಂಡು ಹೋದರೆ ನಾವು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ಸೇರುತ್ತೇವೆ. ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ವೈದ್ಯರು 1967ರಲ್ಲಿ ಮನುಷ್ಯನ ಬಾಳಿನಲ್ಲಿ ಒದಗುವ 43 ಬಗೆಯ ಘಟನೆಗಳನ್ನು ಪಟ್ಟಿಮಾಡಿ, ಒಂದೊಂದಕ್ಕೂ ಹೊಂದಿಕೊಳ್ಳಲು ಎಷ್ಟು ಶ್ರಮವಾಗುವುದೆಂಬುದನ್ನು ಅಂಕಗಳಲ್ಲಿ ಗುರುತಿಸಿದರು. ಬಾಳಸಂಗಾತಿಯ ಮರಣಕ್ಕೆ 100, ಮದುವೆಗೆ 50, ರಜಾ ದಿನಗಳ ಪ್ರವಾಸಕ್ಕೆ ಕೂಡ 13. ಹರ್ಷದ ಪ್ರಸಂಗವೂ ಮನುಷ್ಯನನ್ನು ದಣಿಸುವುದೆಂಬ ಈ ಸಂಗತಿಯನ್ನು ಹೆಣ್ಣು ಮಕ್ಕಳ ಮದುವೆ ಮಾಡಿ ಮುಗಿಸಿದ ನಮ್ಮ ತಂದೆಯರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಅನಂತರ ಅದೇ ವಿಶ್ವವಿದ್ಯಾಲಯದಲ್ಲಿ ಈ ಪಟ್ಟಿಯನ್ನು ಕ್ರೀಡಾಳುಗಳ ಬಾಳಿಗೆ ಒಗ್ಗಿಸಿ, ತರಬೇತುದಾರನೊಡನೆ ಮನಸ್ತಾಪ ಮೊದಲಾದ ಅವರದೇ ಆದ ಸಂಕಟಗಳನ್ನು ಅದಕ್ಕೆ ಸೇರಿಸಿ, ಅಮೆರಿಕನ್ ಫುಟ್‌ಬಾಲ್ ಆಟಗಾರರ ಮೇಲೆ ಪ್ರಯೋಗಿಸಿದರು. 1975ರಲ್ಲಿ ಪ್ರಕಟವಾದ ಆ ವರದಿಯಂತೆ, ಹಿಂದಿನ ದಿನಗಳಲ್ಲಿ ಬಾಳಿನ ಏರುಪೇರು ಕಡಮೆಯಿದ್ದವರಲ್ಲಿ ಶೇಕಡ 30, ಮಧ್ಯಮವಾಗಿದ್ದವರಲ್ಲಿ ಶೇಕಡ 50, ಅಧಿಕವಾಗಿದ್ದವರಲ್ಲಿ ಶೇಕಡ 73 ಮಂದಿ ಆ ಋತುವಿನಲ್ಲಿ ಗಾಯಗೊಂಡರು. ಅಷ್ಟು ನೇರವಾದ ಮೆಟ್ಟಿಲುಗಳು ಮುಂದಿನ ಸಂಶೋಧನೆಗಳಲ್ಲಿ ಎಲ್ಲ ಕಡೆಯೂ ಕಾಣಿಸಲಿಲ್ಲವಾದರೂ, ಅವು ತೋರಿಸಿದ ದಿಕ್ಕು ಬದಲಾಗಲಿಲ್ಲ.

ಆದರೆ ಮನೆಯಲ್ಲಿ ಒದಗಿದ ಸಂಕಟವು ಮೈದಾನದಲ್ಲಿ ಮಂಡಿಯನ್ನು ಮುರಿಯುವುದಾದರೂ ಹೇಗೆ? ಈ ಪ್ರಶ್ನೆಗೆ ಸುಸಂಬದ್ಧವಾದ ಉತ್ತರವನ್ನು ಮೊದಲು ಕೊಟ್ಟವರು 1988ರಲ್ಲಿ ಮಾರ್ಕ್ ಆಂಡರ್ಸನ್ ಮತ್ತು ಜೀನ್ ವಿಲಿಯಮ್ಸ್ ಎಂಬ ಕ್ರೀಡಾ ಮನಶ್ಶಾಸ್ತ್ರಜ್ಞರು. ಆಟದ ಸನ್ನಿವೇಶವೊಂದು ಎದುರಾದಾಗ ಆಟಗಾರನು ತನಗೆ ಅರಿವಿಲ್ಲದಂತೆಯೇ ಒಂದು ಲೆಕ್ಕವನ್ನು ಹಾಕುತ್ತಾನೆ: ಇಲ್ಲಿ ನನ್ನಿಂದ ಏನನ್ನು ನಿರೀಕ್ಷಿಸುತ್ತಿದ್ದಾರೆ, ಅದನ್ನು ಪೂರೈಸುವ ಶಕ್ತಿ ನನ್ನಲ್ಲಿ ಎಷ್ಟಿದೆ, ಪೂರೈಸದಿದ್ದರೆ ಆಗುವುದೇನು? ಈ ಲೆಕ್ಕದಲ್ಲಿ ಬಾಕಿ ತನ್ನ ಕಡೆಗೇ ಬಂದಿತೆಂದು ತೋರಿದಾಗ ಎರಡು ವಿಕಾರಗಳು ಒಟ್ಟಿಗೆ ತಲೆದೋರುತ್ತವೆ. ಮೈಯಲ್ಲಿ, ಪರಸ್ಪರ ಎದುರಾಗಿ ಕೆಲಸಮಾಡಬೇಕಾದ ಸ್ನಾಯುಗಳೆರಡೂ ಏಕಕಾಲದಲ್ಲಿ ಬಿಗಿದುಕೊಂಡು ಚಲನೆಯ ಸೊಗಸು ಕೆಡುತ್ತದೆ. ಕಣ್ಣಿನಲ್ಲಿ, ನೋಟದ ಅಂಚು ಒಳಕ್ಕೆ ಸರಿಯುತ್ತದೆ. ಎದುರಿಗಿರುವುದು ಮಾತ್ರ ಕಾಣಿಸಿ ಪಕ್ಕದ್ದು ಮಸುಕಾಗುತ್ತದೆ. ಇವೆರಡರ ಬೆನ್ನಿಗೇ ಸಂಬಂಧವಿಲ್ಲದ ಆಲೋಚನೆಯೊಂದು ಬಂದು ಮನಸ್ಸನ್ನು ಸೆಳೆದುಕೊಂಡು ಹೋಗುತ್ತದೆ.

ಈ ಮಾತನ್ನು ನಮ್ಮ ಕಬಡ್ಡಿಯ ಅಂಕಣದಲ್ಲಿಟ್ಟು ನೋಡಿದರೆ ಇನ್ನೂ ಸ್ಪಷ್ಟವಾಗುವುದು. ಮಧ್ಯಗೆರೆಯನ್ನು ದಾಟಿ ಉಸಿರು ಹಿಡಿದು ಹೋದ ರೈಡರನ ಎದುರಿಗೆ ಏಳು ಮಂದಿ ಅರ್ಧಚಂದ್ರಾಕಾರವಾಗಿ ಹರಡಿಕೊಂಡಿರುತ್ತಾರೆ. ಅವನು ನಡುವಿನವರತ್ತ ಮುಖ ಮಾಡಿ ಬೋನಸ್ ಗೆರೆಯತ್ತ ಕಾಲು ಚಾಚಿದಾಗ, ಎರಡು ಕೊನೆಗಳಲ್ಲಿ ಕುಗ್ಗಿ ಕುಳಿತ ಕಾರ್ನರ್ ಆಟಗಾರರು ಅವನ ನೋಟದ ತೀರ ಅಂಚಿಗೆ ಬಂದಿರುತ್ತಾರೆ. ಅಲ್ಲಿಂದ ಒಬ್ಬನು ಕಣಕಾಲಿಗೆ ಕೈಹಾಕಿದ ಕ್ಷಣದಲ್ಲಿ, ಅದನ್ನು ಕಂಡವನು ಮಂಡಿಯನ್ನು ಸಡಿಲಿಸಿ ಮೈಯನ್ನು ಆ ಕಡೆಗೇ ಹೊರಳಿಸುತ್ತಾನೆ. ಕಾಣದವನ ಪಾದವು ಹಿಡಿತದಲ್ಲಿ ನೆಟ್ಟು ನಿಂತು, ಮೈ ಮಾತ್ರ ಗೆರೆಯ ಕಡೆಗೆ ತಿರುಗುತ್ತದೆ. ಆ ತಿರುಚಿನ ಭಾರವನ್ನೆಲ್ಲ ಹೊರಬೇಕಾದುದು ಮಂಡಿಯೊಳಗಿನ ಒಂದು ರಜ್ಜು, ಈಗ ಹಳ್ಳಿಯ ಹುಡುಗರ ಬಾಯಲ್ಲೂ ಎಸಿಎಲ್ ಎಂದು ಓಡಾಡುತ್ತಿರುವುದು. ಪಿಯುಸಿ ಓದುತ್ತಿದ್ದ ರೈಡರನೊಬ್ಬನು ನನ್ನಲ್ಲಿಗೆ ಬಂದಾಗ ಊದಿದ ಮಂಡಿಯನ್ನು ಎರಡು ಕೈಗಳಿಂದಲೂ ಹಿಡಿದುಕೊಂಡು ‘ಕಾರ್ನರ್ ಕಾಣಿಸಲೇ ಇಲ್ಲ ಸಾರ್’ ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಆಡುತ್ತಿದ್ದ. ಕಣ್ಣಿನ ಪರೀಕ್ಷೆ ಮಾಡಿಸಿದ್ದಾಯಿತು, ಕಣ್ಣಿನಲ್ಲಿ ದೋಷವಿರಲಿಲ್ಲ. ತಂದೆ ಆಸ್ಪತ್ರೆಯಲ್ಲಿದ್ದುದೂ, ಜಮೀನಿನ ಪಾಲಿನ ವಿಚಾರದಲ್ಲಿ ಮನೆಯೊಳಗೆ ಮಾತುಕತೆ ನಿಂತುಹೋಗಿದ್ದುದೂ, ಆ ದಿನ ಆಯ್ಕೆಯಾದರೆ ಕ್ರೀಡಾ ಕೋಟಾದಲ್ಲಿ ಸೀಟು ಸಿಕ್ಕೀತೆಂಬ ಆಸೆಯಲ್ಲಿ ಮನೆಯವರೆಲ್ಲ ಅವನ ಮುಖವನ್ನೇ ನೋಡುತ್ತಿದ್ದುದೂ ತಾಯಿಯ ಬಾಯಿಂದ ಹೊರಬಿದ್ದುದು ಬಹು ತಡವಾಗಿ, ಅದೂ ಬಿಲ್ಲಿನ ವಿಚಾರ ಮಾತನಾಡುತ್ತಿದ್ದಾಗ.

ನೋಟದ ಅಂಚು ಕುಗ್ಗುವುದೆಂಬುದು ಬರಿಯ ಊಹೆಯಲ್ಲ. ಹೈಸ್ಕೂಲಿನ ಸಾಕರ್ ಆಟಗಾರರನ್ನು ಕುರಿತು ರಾಜರ್ಸ್ ಮತ್ತು ಲ್ಯಾಂಡರ್ಸ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಳಿನ ಕೆಟ್ಟ ಘಟನೆಗಳಿಗೂ ಗಾಯಕ್ಕೂ ಇರುವ ಸಂಬಂಧದ ಶೇಕಡ 8ರಷ್ಟನ್ನು ಈ ಕುಗ್ಗುವಿಕೆಯೇ ವಿವರಿಸಿತು. ಉಳಿದ ಶೇಕಡ 92 ಬೇರೆ ದಾರಿಗಳಲ್ಲಿ ಹಾದುಹೋಗುತ್ತದೆ ಎಂಬುದನ್ನು ಮರೆಯಬಾರದು. ಒಂದು ಸುಂದರವಾದ ಸಿದ್ಧಾಂತವು ಕೈಗೆ ಸಿಕ್ಕಿತೆಂದು ಅದರ ತಲೆಯ ಮೇಲೆ ಸಕಲ ಭಾರವನ್ನೂ ಹೊರಿಸುವುದು ವಿದ್ವಾಂಸರಿಗೆ ಸಹಜವಾದ ಚಾಪಲ್ಯ. ಇನ್ನೊಂದು ದಾರಿಯನ್ನು ಕಾಲದ ಅಳತೆಯಿಂದ ತಿಳಿಯಬಹುದು. ಯಾರೂ ಮುಟ್ಟದೆ, ನೆಗೆದು ಇಳಿಯುವಾಗಲೋ ಓಟದಲ್ಲಿ ಥಟ್ಟನೆ ತಿರುಗುವಾಗಲೋ ಈ ರಜ್ಜು ಹರಿಯುವ ಪ್ರಸಂಗಗಳನ್ನು ವಿಡಿಯೊ ದೃಶ್ಯಗಳಲ್ಲಿ ಬಿಡಿಸಿ ನೋಡಿದವರು, ಪಾದವು ನೆಲಕ್ಕೆ ತಾಗಿದ ಸುಮಾರು 40 ಮಿಲಿಸೆಕೆಂಡುಗಳೊಳಗೆ, ಎಂದರೆ ಒಂದು ಸೆಕೆಂಡನ್ನು 25 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನೊಳಗೆ, ಆಗಬೇಕಾದುದು ಆಗಿಹೋಗುತ್ತದೆಂದು ಹೇಳುತ್ತಾರೆ. ಅಷ್ಟರಲ್ಲಿ ಮೆದುಳಿಗೆ ಸುದ್ದಿ ಮುಟ್ಟಿ ಅಪ್ಪಣೆ ಹಿಂದಿರುಗುವುದು ಅಸಾಧ್ಯ. ಇಳಿಯುವ ಮೊದಲೇ, ಗಾಳಿಯಲ್ಲಿರುವಾಗಲೇ, ನೆಲವು ಎಲ್ಲಿ ಸಿಗುವುದೆಂದು ಮುಂದಾಗಿ ತಿಳಿದು ಸ್ನಾಯುಗಳನ್ನು ಸಿದ್ಧಪಡಿಸಿರಬೇಕು. ಮುಂದಾಗಿ ತಿಳಿಯುವ ಈ ಕೆಲಸವು ಮನಸ್ಸಿನದು. ಅಮೆರಿಕದ ಕಾಲೇಜು ಆಟಗಾರರಲ್ಲಿ ಹೀಗೆ ರಜ್ಜು ಹರಿದುಕೊಂಡ 80 ಮಂದಿಯನ್ನು, ಹರಿದುಕೊಳ್ಳದ ಅಷ್ಟೇ ಮಂದಿಯೊಡನೆ ಹೋಲಿಸಿ ನೋಡಿದ ಸ್ವಾನಿಕ್ ಎಂಬ ಸಂಶೋಧಕರು, ಗಾಯಕ್ಕೆ ಮೊದಲೇ ನಡೆದಿದ್ದ ಪರೀಕ್ಷೆಗಳಲ್ಲಿ ಮೊದಲಿನವರ ಪ್ರತಿಕ್ರಿಯೆ ನಿಧಾನವಾಗಿತ್ತೆಂಬುದನ್ನು 2007ರಲ್ಲಿ ತೋರಿಸಿದರು.

ಇಷ್ಟಾದರೂ, ನನ್ನ ದೃಷ್ಟಿಯಲ್ಲಿ, ಈ ಸಾಹಿತ್ಯದಲ್ಲೆಲ್ಲ ಅತ್ಯಂತ ಬೆಲೆಯುಳ್ಳ ಶೋಧವು ಕಣ್ಣಿಗೂ ಮಂಡಿಗೂ ಸಂಬಂಧಿಸಿದುದಲ್ಲ. ರೊನಾಲ್ಡ್ ಸ್ಮಿತ್, ಫ್ರಾಂಕ್ ಸ್ಮೋಲ್ ಮತ್ತು ಜಾನ್ ಟಾಸೆಕ್ ಎಂಬ ಮೂವರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೈಸ್ಕೂಲಿನ ಸುಮಾರು 450 ಮಂದಿ ಹುಡುಗ ಹುಡುಗಿಯರನ್ನು ಒಂದು ಋತುವಿನುದ್ದಕ್ಕೂ ಗಮನಿಸಿ, ಬಾಳಿನ ಕಷ್ಟವು ಯಾರನ್ನು ಗಾಯಕ್ಕೆ ಒಯ್ಯುತ್ತದೆ, ಯಾರನ್ನು ಒಯ್ಯುವುದಿಲ್ಲ ಎಂದು ಬೇರ್ಪಡಿಸಿ ನೋಡಿದರು. ಕಷ್ಟವನ್ನು ತಾನೇ ಸಂಭಾಳಿಸಿಕೊಳ್ಳುವ ಜಾಣ್ಮೆಯಿದ್ದವರಲ್ಲಿ ಕಷ್ಟಕ್ಕೂ ಗಾಯಕ್ಕೂ ಗಣನೀಯವಾದ ನಂಟು ಕಾಣಿಸಲಿಲ್ಲ. ಆ ಜಾಣ್ಮೆ ಇಲ್ಲದಿದ್ದರೂ ಹೇಳಿಕೊಳ್ಳುವುದಕ್ಕೆ ಜನರಿದ್ದವರಲ್ಲಿಯೂ ಕಾಣಿಸಲಿಲ್ಲ. ಎರಡೂ ಇಲ್ಲದ ಮಕ್ಕಳಲ್ಲಿ ಮಾತ್ರ ಅದು ಎದ್ದು ಕಂಡಿತು. ಗಾಯದಿಂದಾಗಿ ಆಟವನ್ನು ಕಳೆದುಕೊಂಡ ದಿನಗಳಲ್ಲಿ ಒಬ್ಬರಿಂದೊಬ್ಬರಿಗೆ ಇದ್ದ ವ್ಯತ್ಯಾಸದ ಶೇಕಡ 30ರವರೆಗೂ ಈ ಗುಂಪಿನಲ್ಲಿ ಬಾಳಿನ ಕಷ್ಟದಿಂದಲೇ ವಿವರಿಸಲು ಸಾಧ್ಯವಾಯಿತು.

ಇದರ ಅರ್ಥವನ್ನು ನಾವು ನಿಧಾನವಾಗಿ ಯೋಚಿಸಬೇಕು. ಮನೋಬಲವೆಂಬುದು ನಮ್ಮ ಕ್ರೀಡಾ ಭಾಷಣಗಳ ನಿತ್ಯಮಂತ್ರವಾಗಿದೆ. ಮಗುವಿನ ಮನಸ್ಸು ಗಟ್ಟಿಯಾಗಬೇಕು, ಉಕ್ಕಾಗಬೇಕು ಎಂದು ಬಹುಮಾನ ವಿತರಣೆಗೆ ಬಂದ ಅತಿಥಿಗಳೆಲ್ಲ ಅಪ್ಪಣೆ ಕೊಡಿಸುತ್ತಾರೆ. ಮೇಲಿನ ಶೋಧವನ್ನು ನಂಬುವುದಾದರೆ, ಮನಸ್ಸು ಗಟ್ಟಿಯಾಗದೆ ಇದ್ದ ಮಗುವಿಗೂ ಪರವಾಗಿಲ್ಲ, ಅದಕ್ಕೆ ಒಬ್ಬ ಅಕ್ಕನೋ, ಒಬ್ಬ ಮೇಷ್ಟರೋ, ಕೊಠಡಿಯ ಒಬ್ಬ ಗೆಳೆಯನೋ ಇದ್ದರೆ ಸಾಕು. ಹದಿನಾಲ್ಕು ವರ್ಷದ ಹುಡುಗಿಗೆ ಸ್ಥಿತಪ್ರಜ್ಞೆಯನ್ನು ಕಲಿಸುವುದಕ್ಕಿಂತ ಅವಳ ಮಾತನ್ನು ಕೇಳುವವರೊಬ್ಬರನ್ನು ಒದಗಿಸುವುದು ಸುಲಭವಲ್ಲವೆ? ಹಿಂದಿನ ಗರಡಿಯ ವಸ್ತಾದನು ಅದೇ ಕೇರಿಯವನಾಗಿದ್ದುದರಿಂದ ಯಾವ ಹುಡುಗನ ಮನೆಯಲ್ಲಿ ಏನು ನಡೆದಿದೆಯೆಂಬುದು ಅವನಿಗೆ ಕೇಳದೆಯೇ ತಿಳಿಯುತ್ತಿತ್ತು. ಇಂದಿನ ಕ್ರೀಡಾ ವಸತಿ ನಿಲಯದಲ್ಲಿ ದೂರದ ಜಿಲ್ಲೆಗಳಿಂದ ಬಂದ ಮಕ್ಕಳು ಇರುತ್ತಾರೆ. ಅವರ ಓಟದ ವೇಳೆ, ಮೈತೂಕ, ಹಾಜರಿ ಎಲ್ಲಕ್ಕೂ ಪುಸ್ತಕಗಳಿವೆ. ಊರಿನಿಂದ ಫೋನು ಬಂದ ರಾತ್ರಿ ಮಗು ಊಟ ಬಿಟ್ಟಿತೆಂಬುದನ್ನು ಗುರುತಿಸುವವಳು ಅನೇಕ ವೇಳೆ ಅಡಿಗೆಯವಳೊಬ್ಬಳೇ. ತರಬೇತುದಾರರು ಆಕೆಯೊಡನೆ ದಿನಕ್ಕೊಮ್ಮೆ ಮಾತನಾಡುವುದು ಒಳ್ಳೆಯದೆಂದು ನಾನು ವಿನೋದಕ್ಕಾಗಿ ಹೇಳುತ್ತಿಲ್ಲ.

ಈಗ ಹೊರೆಯನ್ನು ಹೊರಿಸುವವರ ಕಡೆಗೆ ತಿರುಗೋಣ. ನಮ್ಮ ನಾಡಿನಲ್ಲಿ ಎಳೆಯ ಆಟಗಾರನು ಹೊರುವ ಮೊದಲನೆಯ ಹೊರೆ ಪರೀಕ್ಷೆ. ಎಸ್ಸೆಸ್ಸೆಲ್ಸಿಯ ವರ್ಷದಲ್ಲಿ ಬೆಳಗ್ಗೆ ಟ್ಯೂಷನ್, ಹಗಲು ಶಾಲೆ, ಸಂಜೆ ಮೈದಾನ, ರಾತ್ರಿ ಓದು ಎಂದು ನಾಲ್ಕು ಪಾಳಿಯಲ್ಲಿ ದುಡಿಯುವ ಮಗುವನ್ನು ಕಾರ್ಖಾನೆಯ ಕಾಯಿದೆ ರಕ್ಷಿಸುವುದಿಲ್ಲ. ಮಿಸೌರಿ ವಿಶ್ವವಿದ್ಯಾಲಯದ 101 ಮಂದಿ ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ಒಂದು ಋತುವಿನುದ್ದಕ್ಕೂ ಗಮನಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಓದಿನ ಒತ್ತಡ ಕಡಮೆಯಿದ್ದ ವಾರಗಳಿಗಿಂತ ಪರೀಕ್ಷೆಯ ವಾರಗಳಲ್ಲಿ ಗಾಯಗಳು ಹೆಚ್ಚಿದುದನ್ನು ಕಾಣಬಹುದು. ನಿದ್ರೆಯ ಮಾತು ಇದಕ್ಕೆ ಅಂಟಿಕೊಂಡೇ ಬರುತ್ತದೆ. ಲಾಸ್ ಏಂಜಲೀಸಿನ ಶಾಲೆಯೊಂದರ 112 ಮಂದಿ ಎಳೆಯ ಆಟಗಾರರಲ್ಲಿ, ರಾತ್ರಿ ಎಂಟು ಗಂಟೆಗಿಂತ ಕಡಮೆ ನಿದ್ರಿಸುವವರಿಗೆ ಗಾಯದ ಸಂಭವವು ಉಳಿದವರ 1.7 ಪಟ್ಟು ಇತ್ತೆಂದು 2014ರಲ್ಲಿ ಮಿಲೆವ್ಸ್ಕಿ ಮತ್ತು ಸಂಗಡಿಗರು ವರದಿ ಮಾಡಿದರು. ಎಂಟು ಗಂಟೆ ನಿದ್ರಿಸುವ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳು ಈ ಸಭೆಯಲ್ಲಿರುವವರ ಮನೆಗಳಲ್ಲಿ ಎಷ್ಟು ಮಂದಿ ಇರುವರೋ ನೀವೇ ಬಲ್ಲಿರಿ.

ಎರಡನೆಯ ಹೊರೆ ತಂದೆತಾಯಿಗಳ ಆಸೆ. ಎಂಟು ವರ್ಷದ ಮಗುವಿಗೆ ಒಂದೇ ಆಟವನ್ನು ಕಟ್ಟಿಕೊಟ್ಟು, ಉಳಿದ ಆಟಗಳನ್ನೆಲ್ಲ ಕಾಲಹರಣವೆಂದು ಬಿಡಿಸಿ, ವರ್ಷದ ಹನ್ನೆರಡು ತಿಂಗಳೂ ಅಕಾಡೆಮಿಗೆ ಕಳುಹಿಸುವ ಪದ್ಧತಿ ಬೆಂಗಳೂರಿನಲ್ಲಿ ಮೊದಲಾಗಿ ಈಗ ಜಿಲ್ಲಾ ಪಟ್ಟಣಗಳಿಗೂ ಇಳಿದುಬಂದಿದೆ. ಅಮೆರಿಕದಲ್ಲಿ ನೀರೂ ಜಯಂತಿ ಎಂಬ ವೈದ್ಯರು ಏಳರಿಂದ ಹದಿನೆಂಟು ವರ್ಷದವರೆಗಿನ ಸುಮಾರು 1,200 ಮಂದಿಯನ್ನು ಪರಿಶೀಲಿಸಿ 2015ರಲ್ಲಿ ಹೊರತಂದ ಶೋಧದಲ್ಲಿ ಮನೆಮಂದಿ ನೆನಪಿಡಬಹುದಾದ ಒಂದು ಲೆಕ್ಕವಿದೆ: ವಾರಕ್ಕೆ ತನ್ನ ವಯಸ್ಸಿನ ವರ್ಷಗಳಿಗಿಂತ ಹೆಚ್ಚು ಗಂಟೆ ವ್ಯವಸ್ಥಿತ ಕ್ರೀಡೆಯಲ್ಲಿ ತೊಡಗುವ ಮಗುವಿಗೆ, ಅತಿಬಳಕೆಯಿಂದಾಗುವ ತೀವ್ರ ಗಾಯದ ಅಪಾಯ ಹೆಚ್ಚು. ಇದನ್ನು ಶರೀರದ ಲೆಕ್ಕವೆಂದೇ ತೆಗೆದುಕೊಳ್ಳುವುದು ವಾಡಿಕೆ. ಅದರ ಮನಸ್ಸಿನ ಮುಖವು ಇನ್ನೂ ಗಂಭೀರವಾದುದು: ಆಟವೊಂದನ್ನು ಬಿಟ್ಟರೆ ತಾನು ಬೇರೇನೂ ಅಲ್ಲವೆಂದು ನಂಬಿ ಬೆಳೆದ ಮಗು ನೋವನ್ನು ಹೇಳಿಕೊಳ್ಳುವುದಿಲ್ಲ. ಹೇಳಿಕೊಂಡರೆ ಆಟ ನಿಲ್ಲುತ್ತದೆ, ಆಟ ನಿಂತರೆ ತಾನು ಉಳಿಯುವುದಿಲ್ಲ. ಬೆನ್ನೆಲುಬಿನ ಕೆಳಭಾಗದಲ್ಲಿ ಕೂದಲೆಳೆಯ ಬಿರುಕು ಬಿಟ್ಟ ವೇಗದ ಬೌಲರ್ ಹುಡುಗನು ತಿಂಗಳುಗಟ್ಟಲೆ ನೋವಿನ ಸ್ಪ್ರೇ ಹೊಡೆದುಕೊಂಡು ಬೌಲು ಮಾಡುತ್ತಾನೆ. ಅವನನ್ನು ವೀರನೆಂದು ಹೊಗಳುವ ಹಿರಿಯರನ್ನು ನಾನು ಕಂಡಿದ್ದೇನೆ. ಆ ಬಿರುಕಿನ ಎಕ್ಸ್‌ರೇ ಹಿಡಿದುಕೊಂಡು ಬಂದವರೂ ಅವರೇ.

ಹೇಳಿಕೊಂಡರೂ ಕೇಳುವವರಿಲ್ಲದ ಭಯವು ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಕ್ರೀಡೆಯ ಇತಿಹಾಸದಲ್ಲಿ ಎಲೆನಾ ಮುಖಿನಾಳ ಕಥೆಗಿಂತ ದಾರುಣವಾದುದನ್ನು ನಾನರಿಯೆ. 1960ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡು, ಅಜ್ಜಿಯ ಆರೈಕೆಯಲ್ಲಿ ಬೆಳೆದ ಈ ಹುಡುಗಿ 1978ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ನಡೆದ ವಿಶ್ವ ಜಿಮ್ನಾಸ್ಟಿಕ್ಸ್ ಸ್ಪರ್ಧೆಯಲ್ಲಿ, ಆ ಕಾಲದ ಪ್ರಸಿದ್ಧ ಜಿಮ್ನಾಸ್ಟ್ ನಾದಿಯಾ ಕೊಮನೆಚಿಯಂಥವರು ಸ್ಪರ್ಧಿಸಿದ್ದಾಗಲೂ, ಸರ್ವಾಂಗೀಣ ವಿಜೇತೆಯಾದಳು. ಮರುವರ್ಷ ಕಾಲು ಮುರಿಯಿತು. ಎದುರಿಗೆ ತನ್ನ ದೇಶದಲ್ಲಿಯೇ ನಡೆಯಲಿದ್ದ ಒಲಿಂಪಿಕ್ಸ್ ಇತ್ತು. ಕಾಲು ಪೂರ್ಣವಾಗಿ ಕೂಡಿಕೊಳ್ಳುವ ಮೊದಲೇ ಅಭ್ಯಾಸ ಆರಂಭವಾಯಿತು. ನೆಲದ ವ್ಯಾಯಾಮದಲ್ಲಿ ಥಾಮಸ್ ಸಾಲ್ಟೊ ಎಂಬ, ಪುರುಷರಿಂದ ಬಂದ ಪಲ್ಟಿಯೊಂದನ್ನು ಆಕೆಗೆ ಕಲಿಸುತ್ತಿದ್ದರು. ಗಾಳಿಯಲ್ಲಿ ಒಂದೂಮುಕ್ಕಾಲು ಸುತ್ತು ಉರುಳಿ, ಜೊತೆಗೆ ಒಂದೂವರೆ ಸುತ್ತು ತಿರುಚಿ, ಕಾಲಿನ ಮೇಲೆ ನಿಲ್ಲದೆ ಮುಂದಕ್ಕೆ ಉರುಳಿಕೊಂಡು ಇಳಿಯಬೇಕಾದ ವರಸೆ ಅದು. ಎತ್ತರ ಸ್ವಲ್ಪ ಕಡಮೆಯಾದರೂ ನೆಲಕ್ಕೆ ಮೊದಲು ತಾಗುವುದು ಕತ್ತು. ಮುರಿದು ಸೊರಗಿದ ಕಾಲಿನಿಂದ ಆ ಎತ್ತರವನ್ನು ಪಡೆಯುವುದು ಸಾಧ್ಯವಿರಲಿಲ್ಲ. ಈ ವರಸೆಯಲ್ಲಿ ತನ್ನ ಕತ್ತು ಮುರಿಯುವುದೆಂದು ತಾನು ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದುದಾಗಿಯೂ, ನಿನ್ನಂಥವರ ಕತ್ತು ಮುರಿಯುವುದಿಲ್ಲವೆಂಬ ಉತ್ತರ ತರಬೇತುದಾರರಿಂದ ಬಂದುದಾಗಿಯೂ ಆಕೆ ಮುಂದೆ ತಿಳಿಸಿದಳು. 1980ರ ಜುಲೈ 3ರಂದು, ಒಲಿಂಪಿಕ್ಸಿನ ಆರಂಭಕ್ಕೆ ಇನ್ನು 16 ದಿನಗಳಿದ್ದಾಗ, ಮಿನ್ಸ್ಕ್ ನಗರದ ಅಭ್ಯಾಸದಲ್ಲಿ ಅದು ನಡೆದೇಹೋಯಿತು. ಕತ್ತಿನಿಂದ ಕೆಳಗೆ ಮೈ ಸ್ವಾಧೀನ ತಪ್ಪಿದ ಆಕೆ 2006ರಲ್ಲಿ ಕೊನೆಯುಸಿರೆಳೆಯುವವರೆಗೂ ಎದ್ದು ನಡೆಯಲಿಲ್ಲ.

ಈ ಕಥೆಯಲ್ಲಿ ನನ್ನನ್ನು ಬಹುವಾಗಿ ಕಲಕಿದುದು ಆಕೆಯೇ ಹೇಳಿಕೊಂಡ ಇನ್ನೊಂದು ಸಂಗತಿ. ನೆಲಕ್ಕೆ ಬಿದ್ದ ಆ ಗಳಿಗೆಯಲ್ಲಿ ಆಕೆಗೆ ಮೊದಲು ಹೊಳೆದುದು, ದೇವರ ದಯೆ, ಇನ್ನು ಒಲಿಂಪಿಕ್ಸಿಗೆ ಹೋಗಬೇಕಾಗಿಲ್ಲ ಎಂಬುದಂತೆ. ಇಪ್ಪತ್ತು ವರ್ಷದ ವಿಶ್ವವಿಜೇತೆಗೆ, ಒಲ್ಲೆನೆಂದು ಬಾಯಿಬಿಟ್ಟು ಹೇಳುವುದಕ್ಕಿಂತ ಕತ್ತು ಮುರಿದುಕೊಳ್ಳುವುದೇ ಹಗುರವೆನಿಸಿದ ವ್ಯವಸ್ಥೆಯ ವಿಚಾರವಾಗಿ ಏನು ಹೇಳೋಣ? ಆಕೆಯ ಮನಸ್ಸು ದುರ್ಬಲವಾಗಿತ್ತೆಂದು ಯಾವ ಶಾಸ್ತ್ರವೂ ಹೇಳಲಾರದು. ಆಕೆಯ ಮನಸ್ಸು ಅಪಾಯವನ್ನು ನಿಖರವಾಗಿ ಅಳೆದಿತ್ತು. ಅಳತೆಯನ್ನು ಒಪ್ಪುವವರು ಸುತ್ತ ಯಾರೂ ಇರಲಿಲ್ಲ. ಮುಂದೆ ಆ ವರಸೆಯನ್ನು ಮಹಿಳೆಯರ ಸ್ಪರ್ಧೆಯಿಂದ ತೆಗೆದುಹಾಕಿದರು.

ಇದಕ್ಕೆ ಎದುರಾದ ಉದಾಹರಣೆಯೂ ಉಂಟು. 2021ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್, ಗಾಳಿಯಲ್ಲಿ ತಿರುಗುವಾಗ ತನ್ನ ಮೈ ಎಲ್ಲಿದೆಯೆಂಬ ಅರಿವೇ ತಪ್ಪಿಹೋಗುತ್ತಿದೆಯೆಂದು ತಂಡದ ಅಂತಿಮ ಸ್ಪರ್ಧೆಯ ನಡುವೆಯೇ ಹೊರಗುಳಿದಾಗ, ಆಕೆಯನ್ನು ಹೇಡಿಯೆಂದು ಜರೆದವರು ಕಡಮೆಯಿರಲಿಲ್ಲ. ತಂಡಕ್ಕೆ ಬೆಳ್ಳಿ ದೊರೆಯಿತು. ಕೆಲವು ದಿನಗಳ ಅನಂತರ, ತಿರುಚುಗಳನ್ನು ತೆಗೆದು ಸರಳಗೊಳಿಸಿದ ಇಳಿತದೊಡನೆ ಆಕೆ ಬೀಮ್ ಮೇಲೆ ಕಂಚನ್ನು ಪಡೆದಳು. 2024ರಲ್ಲಿ ಪ್ಯಾರಿಸಿಗೆ ಹೋಗಿ ಮೂರು ಚಿನ್ನ ಗೆದ್ದಳು. ಟೋಕಿಯೋದ ಹೊತ್ತಿಗಾಗಲೇ ಆಕೆ ಹಲವು ಸಲ ವಿಶ್ವವಿಜೇತೆಯಾಗಿದ್ದಳು, ಆಕೆಯ ಮಾತಿಗೆ ತೂಕವಿತ್ತು ಎಂಬುದನ್ನು ಗಮನಿಸಬೇಕು. ಹೆಸರಿಲ್ಲದ ಹುಡುಗಿಯೊಬ್ಬಳು ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಅದೇ ಮಾತನ್ನು ಹೇಳಿದರೆ ಪಿ.ಟಿ. ಮೇಷ್ಟರು ಏನೆನ್ನುವರೆಂಬುದು ನನಗೆ ಮುಖ್ಯ.

ಪರಿಹಾರದ ವಿಚಾರವನ್ನು ಹೆಚ್ಚು ಬೆಳೆಸುವುದಿಲ್ಲ. ಉಸಿರಾಟದ ಅಭ್ಯಾಸ, ಸ್ನಾಯುಗಳನ್ನು ಸಡಿಲಿಸುವ ಕ್ರಮ, ಗಮನವನ್ನು ಈ ಗಳಿಗೆಗೆ ಹಿಂದಿರುಗಿಸುವ ಧ್ಯಾನ ಇವುಗಳಿಂದ ಪ್ರಯೋಜನವುಂಟು. ಇವಾರ್ಸನ್ನರ ಸಮೀಕ್ಷೆಗೆ ಒಳಗಾದ ಏಳು ಪ್ರಯೋಗಗಳಲ್ಲಿಯೂ ತರಬೇತಿ ಪಡೆದವರಲ್ಲಿ ಗಾಯಗಳು ಕಡಮೆಯಾಗಿದ್ದವು. ಅವರೇ ಸ್ವೀಡನ್ನಿನಲ್ಲಿ 41 ಮಂದಿ ಕಿರಿಯ ಸಾಕರ್ ಆಟಗಾರರ ಮೇಲೆ ನಡೆಸಿದ ಧ್ಯಾನಪ್ರಯೋಗದಲ್ಲಿ ಧ್ಯಾನ ಮಾಡಿದವರ ಪೈಕಿ ಶೇಕಡ 67, ಮಾಡದವರ ಪೈಕಿ ಶೇಕಡ 40 ಮಂದಿ ಗಾಯವಿಲ್ಲದೆ ಉಳಿದರು. ಇಷ್ಟು ಚಿಕ್ಕ ಗುಂಪಿನಲ್ಲಿ ಈ ಅಂತರವು ಆಕಸ್ಮಿಕವೂ ಆಗಿರಬಹುದಾದ್ದರಿಂದ ಅದನ್ನು ಸಿದ್ಧಾಂತವೆನ್ನಲಾಗದು. ನಮ್ಮಲ್ಲಿ ಪ್ರಾಣಾಯಾಮವನ್ನು ಕಲಿಸುವವರಿಗೆ ಕೊರತೆಯಿಲ್ಲ. ಆದರೆ ಬೆಳಗ್ಗೆ ಧ್ಯಾನ ಮಾಡಿಸಿ, ಸಂಜೆ ಸೋತ ಮಗುವನ್ನು ಎಲ್ಲರೆದುರು ನಿಲ್ಲಿಸಿ ಹೀಯಾಳಿಸಿದರೆ, ಆ ಧ್ಯಾನದ ಫಲವು ಯಾರಿಗೆ ಸಲ್ಲಬೇಕೋ ತಿಳಿಯದು.

ಕಡೆಯದಾಗಿ, ಗಾಯವು ಮಾಸಿದ ಮೇಲಿನ ಮಾತು. ನನ್ನ ಕಸಬಿಗೆ ತೀರ ಹತ್ತಿರದ್ದು. ಹರಿದ ಎಸಿಎಲ್ಲನ್ನು ಶಸ್ತ್ರಕ್ರಿಯೆಯಿಂದ ಕಟ್ಟಿಕೊಟ್ಟವರಲ್ಲಿ ಸ್ಪರ್ಧೆಯ ಆಟಕ್ಕೆ ಹಿಂದಿರುಗುವವರು ಶೇಕಡ 55ರಷ್ಟು ಮಾತ್ರ ಎಂದು 2014ರ ಒಂದು ದೊಡ್ಡ ಸಮೀಕ್ಷೆ ಹೇಳುತ್ತದೆ. ಹಾಗೆ ಹಿಂದಿರುಗಿದವರಲ್ಲಿಯೂ 25 ವರ್ಷಕ್ಕಿಂತ ಚಿಕ್ಕವರ ಪೈಕಿ ಶೇಕಡ 23ರಷ್ಟು ಮಂದಿ ಅದೇ ಮಂಡಿಯನ್ನೋ ಇನ್ನೊಂದನ್ನೋ ಮತ್ತೆ ಹರಿದುಕೊಳ್ಳುತ್ತಾರೆ. ಭಯವಿದ್ದವನು ಎಚ್ಚರದಿಂದ ಆಡುತ್ತಾನೆ, ಆದುದರಿಂದ ಸುರಕ್ಷಿತನೆಂದು ನಾವು ಭಾವಿಸುವುದುಂಟು. ಪ್ಯಾಟರ್ನೊ ಮೊದಲಾದವರ ಶೋಧಗಳು ಇದಕ್ಕೆ ವಿರುದ್ಧವಾಗಿವೆ: ಭಯವನ್ನು ಒಳಗಿಟ್ಟುಕೊಂಡೇ ಅಂಕಣಕ್ಕೆ ಇಳಿದ ಎಳೆಯರಲ್ಲಿ ಎರಡನೆಯ ಗಾಯವು ಹೆಚ್ಚಾಗಿ ಕಂಡುಬಂದಿದೆ. ಬಿಗಿದ ತೊಡೆ, ಗಾಯಗೊಂಡ ಕಾಲಿನ ಮೇಲೆ ನೆಟ್ಟ ಗಮನ, ಕುಗ್ಗಿದ ನೋಟ. ಮೊದಲು ವಿವರಿಸಿದ ವಿಕಾರಗಳೇ ಇಲ್ಲಿಯೂ ಹಾಜರಾಗುತ್ತವೆ.

ಈಗ ನಡೆಯುತ್ತಿರುವ ಕ್ರಮವೆಂದರೆ, ತಿಂಗಳುಗಳನ್ನು ಎಣಿಸಿ, ತೊಡೆಯ ಸುತ್ತಳತೆಯನ್ನು ನೋಡಿ, ಒಂಟಿಗಾಲಿನ ನೆಗೆತವನ್ನು ಪರೀಕ್ಷಿಸಿ ನಾವು ವೈದ್ಯರು ಪ್ರಮಾಣಪತ್ರವನ್ನು ಬರೆಯುತ್ತೇವೆ. ಅದನ್ನು ಕಂಡ ಮರುದಿನವೇ ಆಯ್ಕೆ ಸಮಿತಿಯು ಹುಡುಗನನ್ನು ಆಡಿಸುತ್ತದೆ. ಮಂಡಿಯು ಸಿದ್ಧವಾಗಿದೆಯೆಂದು ಮಾತ್ರ ನಾನು ಬರೆಯಬಲ್ಲೆ. ಎದುರಾಳಿಯ ಅಂಕಣಕ್ಕೆ ಹೋಗುವ ಮನಸ್ಸು ಬಂದಿದೆಯೆ ಎಂಬುದನ್ನು ಹುಡುಗನೇ ಹೇಳಬೇಕು. ಈಗಲೇ ಬೇಡವೆಂದು ಅವನು ಹೇಳಿದರೆ ತಂಡದ ಪಟ್ಟಿಯಲ್ಲಿ ಅವನ ಹೆಸರು, ಕೋಟಾದಲ್ಲಿ ಅವನ ಅರ್ಹತೆ, ವಸತಿ ನಿಲಯದಲ್ಲಿ ಅವನ ಮಂಚ ಮುಂದಿನ ಋತುವಿನವರೆಗೂ ಹಾಗೆಯೇ ಇರುತ್ತವೆಂಬ ಭರವಸೆಯನ್ನು ಸಂಬಂಧಪಟ್ಟವರು ಮೊದಲೇ ಕೊಟ್ಟಿರಬೇಕು. ಆ ಭರವಸೆ ಬಾಯಿಮಾತಿನದಾಗದೆ ಬರಹದಲ್ಲಿದ್ದರೆ ಇನ್ನೂ ಉತ್ತಮ. ನಮ್ಮ ಮಕ್ಕಳು ಬಾಯಿಮಾತುಗಳನ್ನು ಸಾಕಷ್ಟು ಕೇಳಿದ್ದಾರೆ.